ಬೀಸುಕಲ್ಲಿನ ಕೆಳಗಿನ ಗಾಳಿ

ದುರ್ಗಾದೇವಿ ಮೊದಲ ಸಲ ಬಂದಾಗ ಗದ್ದೆಮ್ಮ ಅವಳನ್ನು ಪೋಲಿಯೋ ಹನಿ ಹಾಕುವವಳೆಂದು ತಿಳಿದಳು. ನಮ್ಮ ಮನೆಯಲ್ಲಿ ಸಣ್ಣ ಕೂಸಿಲ್ಲ ಎಂದು ಹೊಸ್ತಿಲಿನಿಂದಲೇ ಸಾಗಹಾಕಲು ನೋಡಿದಳು. ಆ ಹೆಣ್ಣುಮಗಳು ಹೋಗಲಿಲ್ಲ. ತಾನು ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುವವಳೆಂದೂ, ಮನೆಯೊಳಗಿನ ಗಾಳಿಯಲ್ಲಿ ಎಷ್ಟು ಬೂಷ್ಟು ಇದೆ, ಹೊರಗಿನ ಗಾಳಿಯಲ್ಲಿ ಎಷ್ಟಿದೆ ಎಂದು ನೋಡಲು ಊರೂರು ತಿರುಗುತ್ತಿದ್ದೇನೆಂದೂ ಹೇಳಿದಳು. ಗದ್ದೆಮ್ಮನಿಗೆ ನಗು ಬಂತು. ಬೂಷ್ಟು ರೊಟ್ಟಿಗೆ ಬರುತ್ತದೆ, ಉಪ್ಪಿನಕಾಯಿಗೆ ಬರುತ್ತದೆ. ಗಾಳಿಗೆ ಬಂದದ್ದನ್ನು ಅರವತ್ತನಾಲ್ಕು ವರ್ಷದ ಬದುಕಿನಲ್ಲಿ ಅವಳು ಕಂಡಿರಲಿಲ್ಲ. ಆದರೂ ಒಳಗೆ ಕರೆದಳು. ಈ ಮನೆಯಲ್ಲಿ ದಮ್ಮು ಇರುವ ಹುಡುಗಿ ಇದ್ದಾಳಂತೆ ಎಂದು ಆ ಹೆಣ್ಣುಮಗಳು ಮಾತಿನ ನಡುವೆ ಕೇಳಿದ್ದಳು.

ದಮ್ಮು ಇದ್ದದ್ದು ಮೊಮ್ಮಗಳು ಜಯಶ್ರೀಗೆ. ಅವಳಿಗೆ ಎಂಟು ವರ್ಷ. ಅವಳ ತಾಯಿ ಸಂಗಮ್ಮ ತೀರಿಹೋಗಿ ಎರಡು ವರ್ಷವಾಗಿತ್ತು, ಅದೂ ಇದೇ ದಮ್ಮಿನಿಂದ. ಸಂಗಮ್ಮ ದಿನಾ ಮುಂಜಾನೆ ಬಸ್ಸು ಹತ್ತಿ ಸಿಂಧನೂರಿನ ಒಂದು ಅಕ್ಕಿ ಮಿಲ್ಲಿಗೆ ಕಸ ಗುಡಿಸಲು, ಚೀಲ ಹೊಲಿಯಲು ಹೋಗುತ್ತಿದ್ದಳು. ಆ ಕೆಲಸ ಕೊಡಿಸಿದವನು ಅವಳ ಗಂಡ, ಗದ್ದೆಮ್ಮನ ಒಬ್ಬನೇ ಮಗ ವಿರೇಶ; ಅವನೂ ಅಲ್ಲಿಯೇ ಹಮಾಲಿ ಮಾಡುತ್ತಿದ್ದ. ಮೂರು ವರ್ಷ ಹೊಟ್ಟಿನ ದೂಳು ಕುಡಿದು ಸೊಸೆಯ ಎದೆ ಕೆಟ್ಟಿತು ಎಂಬುದರಲ್ಲಿ ಊರಿನ ಯಾರಿಗೂ ಅನುಮಾನವಿರಲಿಲ್ಲ. ಮಣ್ಣು ಮಾಡಿದ ಮೂರನೆಯ ದಿನ, ಲಿಂಗಸುಗೂರಿನಿಂದ ಬಂದ ಬೀಗರೆಲ್ಲ ಅಂಗಳದಲ್ಲಿ ಕೂತಿದ್ದಾಗ, ಗದ್ದೆಮ್ಮ ಮಗನ ಮುಖಕ್ಕೇ ಆ ಮಾತು ಅಂದುಬಿಟ್ಟಿದ್ದಳು.

"ನೀ ಮಿಲ್ಲಿಗೆ ಕಳಿಸಿ ಕಳಿಸಿ ಆಕೀನ ಕೊಂದಿ."

ಸಂಕಟದಲ್ಲಿ ಆಡಿದ ಮಾತು. ಆದರೆ ಆಡಿದ್ದು ಇಪ್ಪತ್ತು ಮಂದಿಯ ಮುಂದೆ. ವಿರೇಶ ಮರುವಾರವೇ ಹಮಾಲಿ ಬಿಟ್ಟ, ಹಳೆಯದೊಂದು ಆಟೋ ಹಿಡಿದ, ಮಸ್ಕಿಗೂ ಸುತ್ತಲ ಹಳ್ಳಿಗಳಿಗೂ ಮಂದಿ ಸಾಗಿಸತೊಡಗಿದ. ಆದರೆ ಆ ಮಾತು ಲಿಂಗಸುಗೂರಿಗೆ ಹೋಗಿ ಕೂತಿತ್ತು. ಸಂಗಮ್ಮನ ತಾಯಿ ಆದಮ್ಮ ಅಳಿಯನಿಗೆ ಅಂದಿನಿಂದ ಹೊಸ್ತಿಲು ತುಳಿಸಲಿಲ್ಲ. ಮೊಮ್ಮಗಳನ್ನು ನೋಡಬೇಕೆನಿಸಿದಾಗ ಹೇಳಿಕಳಿಸುತ್ತಿದ್ದಳು; ವಿರೇಶ ಹುಡುಗಿಯನ್ನು ಓಣಿಯ ತುದಿಯಲ್ಲಿ ಇಳಿಸಿ, ಅವಳು ಬಾಗಿಲು ದಾಟುವ ತನಕ ನೋಡುತ್ತ ನಿಂತು, ಒಂದು ಗುಟುಕು ನೀರೂ ಕುಡಿಯದೆ ಹೊರಳುತ್ತಿದ್ದ. ಅವನ ಹೆತ್ತ ತಾಯಿಯೇ ಹೇಳಿದ ಮೇಲೆ ಬೀಗತಿಯನ್ನು ಬೈದು ಏನು ಉಪಯೋಗ? ಗದ್ದೆಮ್ಮನಿಗೆ ಇದೆಲ್ಲ ಗೊತ್ತಿತ್ತು, ಒಳಗೊಳಗೇ ಕೊರೆಯುತ್ತಿತ್ತು. ಆದರೂ ನಾನು ಆಡಿದ್ದು ಸುಳ್ಳೇನಲ್ಲವಲ್ಲ ಎಂದು ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದಳು.

ಇಂಥದ್ದರಲ್ಲಿ ಹುಡುಗಿಗೂ ಕೆಮ್ಮು ಹತ್ತಿತು. ಮೊದಲು ಮುಂಜಾನೆ ಮಾತ್ರ ಬರುತ್ತಿದ್ದದ್ದು ಆಮೇಲೆ ಎದೆಯಲ್ಲಿ ಸಿಳ್ಳೆ ಹಾಕತೊಡಗಿತು. ಹೋದ ವರ್ಷವಷ್ಟೇ ಊರ ಹೊರಗೆ, ರಸ್ತೆಯ ಬದಿಗೆ ಹೊಸದೊಂದು ಮಿಲ್ಲು ಶುರುವಾಗಿತ್ತು; ಗಾಳಿ ಬೀಸಿದರೆ ಅದರ ಬೂದಿ ಅಂಗಳದ ತನಕ ಬರುತ್ತಿತ್ತು. ಗದ್ದೆಮ್ಮನಿಗೆ ಅಷ್ಟು ಸಾಕಾಯಿತು. ಪಡಸಾಲೆಯ ಎರಡೂ ಕಿಟಕಿಗೆ ಗೋಣಿಚೀಲ ಬಡಿದಳು, ಬೆಳಕಿಂಡಿಗೆ ಅರಿವೆ ತುರುಕಿದಳು. ಹುಡುಗಿ ಮಲಗುವ ಹೊರಸನ್ನು ಒಳಕೋಣೆಗೆ ಹಾಕಿಸಿದಳು. ಆ ಕೋಣೆಗೆ ಕಿಟಕಿಯೇ ಇಲ್ಲ, ಬೇಸಿಗೆಯಲ್ಲೂ ತಂಪು. ಸಂಗಮ್ಮನೂ ಕಡೆಯ ನಾಲ್ಕು ತಿಂಗಳು ಅಲ್ಲಿಯೇ ಮಲಗಿದ್ದಳು. ತಾನು ಹೊರಗೆ ಮಲಗುತ್ತೇನೆ, ಅಲ್ಲಿ ಎದೆ ಹಗುರ ಇರುತ್ತದೆ ಎಂದು ಜಯಶ್ರೀ ಎಷ್ಟೋ ಸಲ ಹೇಳಿದಳು. ಸಣ್ಣ ಹುಡುಗರ ಹಟವೆಂದು ಗದ್ದೆಮ್ಮ ಗದರಿ ಒಳಗೆ ಕಳಿಸುತ್ತಿದ್ದಳು.

ದುರ್ಗಾದೇವಿ ಚೀಲದಿಂದ ಅಂಗೈಯಗಲದ ಮೂರು ಪ್ಲಾಸ್ಟಿಕ್ ತಟ್ಟೆ ತೆಗೆದಳು. ಒಳಗೆ ಆರಿದ ಗಂಜಿಯಂತೆ ಏನೋ ಹೆಪ್ಪುಗಟ್ಟಿತ್ತು. ಒಂದನ್ನು ಅಂಗಳದ ಬೇವಿನ ಗಿಡದ ಕೆಳಗೆ, ಒಂದನ್ನು ಪಡಸಾಲೆಯಲ್ಲಿ, ಒಂದನ್ನು ಒಳಕೋಣೆಯಲ್ಲಿ ಇಟ್ಟು, ಮುಚ್ಚಳ ತೆಗೆದು ಕಾಲು ತಾಸು ಬಿಟ್ಟಳು. ಗಾಳಿಯಲ್ಲಿರುವುದು ತಾನಾಗಿ ಇದರ ಮೇಲೆ ಬೀಳುತ್ತದೆ, ಐದು ದಿನ ಬಿಟ್ಟರೆ ಕಣ್ಣಿಗೆ ಕಾಣುವಷ್ಟು ಬೆಳೆಯುತ್ತದೆ, ಆಮೇಲೆ ಎಣಿಸುವುದು ಎಂದು ವಿವರಿಸಿದಳು. ಖಾಲಿ ತಟ್ಟೆಯ ಮುಂದೆ ಇಷ್ಟೊಂದು ಭಕ್ತಿಯಿಂದ ಕೂತವರನ್ನು ತಾನು ನೋಡಿಲ್ಲ ಎಂದು ಗದ್ದೆಮ್ಮ ಚೇಷ್ಟೆ ಮಾಡಿದಳು. ದುರ್ಗಾದೇವಿ ನಕ್ಕು, ಚಹಾ ಕುಡಿದು, ತಟ್ಟೆಗಳಿಗೆ ಟೇಪು ಸುತ್ತಿಕೊಂಡು ಹೋದಳು.

ವಾರದ ಮೇಲೆ ಅವಳು ತಿರುಗಿ ಬಂದಾಗ ಮುಖದಲ್ಲಿ ನಗುವಿರಲಿಲ್ಲ. ವಿರೇಶನೂ ಮನೆಯಲ್ಲಿದ್ದ. ಅವಳು ಮೂರು ತಟ್ಟೆಗಳನ್ನು ಮುಚ್ಚಳ ಸಮೇತ ಸಾಲಾಗಿ ಇಟ್ಟಳು. ಅಂಗಳದ್ದರಲ್ಲಿ ಬೂಷ್ಟಿನ ಹನ್ನೊಂದು ಚುಕ್ಕೆ, ಪಡಸಾಲೆಯದ್ದರಲ್ಲಿ ಇಪ್ಪತ್ತಾರು. ಮೂರನೆಯ ತಟ್ಟೆಯಲ್ಲಿ ಚುಕ್ಕೆಯೇ ಇರಲಿಲ್ಲ. ಕಪ್ಪು, ಹಸಿರು, ಬೂದಿ ಬಣ್ಣದ ತುಪ್ಪಳ ಒಂದರ ಮೇಲೊಂದು ಹತ್ತಿ ಮುಚ್ಚಳಕ್ಕೆ ತಾಗಿತ್ತು. ಎಣಿಸಲು ಬರಲಿಲ್ಲ ಎಂದಳು ದುರ್ಗಾದೇವಿ. ಮಸ್ಕಿ, ಸಿಂಧನೂರು, ಕಾಲುವೆ ಬದಿಯ ವಲಸಿಗರ ಕ್ಯಾಂಪುಗಳು ಸೇರಿ ನಲವತ್ತು ಮನೆ ನೋಡಿದ್ದೇನೆ, ಮಿಲ್ಲಿನ ಗೋಡೆಗೆ ಹತ್ತಿದ ಮನೆಗಳಲ್ಲೂ ಇಂಥದ್ದು ಕಂಡಿಲ್ಲ ಎಂದಳು.

ಹೊರಗಿನ ದೂಳಿಗೆ ಹೆದರಿ ಹುಡುಗಿಯನ್ನು ಒಳಗಿಟ್ಟಿದ್ದರು. ಹೊರಗೆ ಹನ್ನೊಂದು, ಒಳಗೆ ಲೆಕ್ಕಕ್ಕೇ ಸಿಗದಷ್ಟು. ಮಾಳಿಗೆ ಸೋರುತ್ತದೆಯೇ, ಹಸಿ ಚೀಲ ಒಟ್ಟಿದ್ದೀರೇ, ಗೋಡೆಗೆ ನೀರು ಏರುತ್ತದೆಯೇ ಎಂದು ದುರ್ಗಾದೇವಿ ಒಂದೊಂದೇ ಕೇಳಿದಳು. ಎಲ್ಲದಕ್ಕೂ ವಿರೇಶ ಇಲ್ಲ ಎಂದ. ಅವಳು ಒಳಕೋಣೆಗೆ ಹೋಗಿ ಗೋಡೆ ಮುಟ್ಟಿ ನೋಡಿದಳು, ಮೂಗು ಅರಳಿಸಿದಳು. ಇಲ್ಲಿ ಲೋಬಾನದ ಹೊಗೆ ಯಾಕೆ ಇಷ್ಟು ಹಾಕುತ್ತೀರಿ ಎಂದು ಕೇಳಿದಳು. ದೇವರಿಗೆ ಎಂದಳು ಗದ್ದೆಮ್ಮ. ಮೂಲೆಯಲ್ಲಿ ದೊಡ್ಡದೊಂದು ಬೀಸುಕಲ್ಲು ಇತ್ತು. ಇದನ್ನು ಸರಿಸಿ ನೋಡೋಣವೇ ಎಂದಾಗ ಗದ್ದೆಮ್ಮ ಅಡ್ಡ ಬಂದು ನಿಂತಳು. ಅದು ನಮ್ಮ ಅತ್ತೆಯ ಕಲ್ಲು, ಪೂಜೆಯ ಕಲ್ಲು, ಅದನ್ನು ಅಲುಗಿಸುವ ಪದ್ಧತಿ ಇಲ್ಲ ಎಂದಳು. ಹುಟ್ಟಿದಾಗಿನಿಂದ ಅದೇ ಮಾತು ಕೇಳಿದ್ದ ವಿರೇಶ ತಲೆಯಾಡಿಸಿದ.

ಆ ಕಲ್ಲಿನ ಕೆಳಗೆ ಏನಿದೆ ಎಂಬುದು ಬದುಕಿರುವವರಲ್ಲಿ ಗದ್ದೆಮ್ಮನೊಬ್ಬಳಿಗೇ ಗೊತ್ತಿತ್ತು. ಕೆಳಗಿದ್ದದ್ದು ಹಗೇವು, ಜೋಳ ತುಂಬಿಡುವ ನೆಲದೊಳಗಿನ ಕುಳಿ. ಊರಿನಲ್ಲಿ ಹಗೇವುಗಳು ಬೇಕಾದಷ್ಟಿದ್ದವು, ಮನೆ ಮುಂದೆ, ಓಣಿಯಲ್ಲಿ, ಎಲ್ಲರ ಕಣ್ಣ ಮುಂದೆ. ಇದು ಮಾತ್ರ ಕಳ್ಳ ಹಗೇವು. ನಿಜಾಮನ ಕಾಲದಲ್ಲಿ ಲೆವಿ ವಸೂಲಿಗೆ ಬಂದವರು ಕಾಳು ಹೊತ್ತೊಯ್ಯುತ್ತಿದ್ದಾಗ ಈ ಮನೆಯ ಹೆಂಗಸರು ಒಳಕೋಣೆಯಲ್ಲಿ ತೋಡಿಸಿದ್ದು. ಗಂಡಸರ ಬಾಯಿ ನಿಲ್ಲುವುದಿಲ್ಲವೆಂದು ಇದರ ಗುಟ್ಟು ಅತ್ತೆಯಿಂದ ಸೊಸೆಗೆ ಮಾತ್ರ ದಾಟುತ್ತಿತ್ತು. ಗಂಡಸರು ಹೊಲಕ್ಕೆ ಹೋದ ಹೊತ್ತಿನಲ್ಲಿ ಬುಟ್ಟಿ ಬುಟ್ಟಿಯಾಗಿ ತುಂಬುವುದು, ಕಷ್ಟ ಬಂದಾಗ ಸೇರು ಸೇರಾಗಿ ತೆಗೆಯುವುದು. ಗದ್ದೆಮ್ಮನ ಗಂಡ ಮೂವತ್ತು ವರ್ಷ ಆ ಜೋಳದ ರೊಟ್ಟಿ ತಿಂದು, ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳದೆ, ಏನೂ ತಿಳಿಯದವನಂತೆ ಇದ್ದು ಸತ್ತ. ಅಷ್ಟು ಶಾಣ್ಯಾ ಗಂಡಸು.

ಮದುವೆಯಾದ ಮೂರನೆಯ ವರ್ಷ ಅತ್ತೆ ಅವಳನ್ನು ಒಳಗೆ ಕರೆದು, ಕೈಗೆ ದೇವರ ಅರಿಸಿನದ ಭಂಡಾರ ಹಚ್ಚಿ ಎರಡು ಆಣೆ ಹಾಕಿಸಿದ್ದಳು. ಇದನ್ನು ಸೊಸೆಗಲ್ಲದೆ ಬೇರೆಯವರಿಗೆ ಹೇಳಬಾರದು. ಎಂಥ ಹೊತ್ತು ಬಂದರೂ ಪೂರ್ತಿ ಬರಿದು ಮಾಡಬಾರದು, ತಳದಲ್ಲಿ ಎರಡು ಚೀಲ ಇರಲೇಬೇಕು. ಎಪ್ಪತ್ತೆರಡರ ಬರದಲ್ಲಿ ಈ ಕುಳಿಯೇ ಮನೆಯ ಏಳು ಮಂದಿಯನ್ನು ಉಳಿಸಿತ್ತು. ಅತ್ತೆ ಅದನ್ನು ಹೇಳುವಾಗ ನೆಲಕ್ಕೆ ಕೈಮುಗಿದಿದ್ದಳು. ಹದಿನೈದು ವರ್ಷದ ಹಿಂದೆ ಕಾಲುವೆ ನೀರು ಊರಿಗೂ ಬಂತು. ಜೋಳ ಹೋಗಿ ನೆಲ್ಲು ಬಂತು, ಹಿತ್ತಲ ಗೋಡೆಯ ತನಕ ಗದ್ದೆಯಾಯಿತು. ಊರವರು ತಮ್ಮ ಹಗೇವುಗಳಿಗೆ ಮಣ್ಣು ತುಂಬಿದರು. ಗದ್ದೆಮ್ಮ ತುಂಬಲಿಲ್ಲ. ಎರಡು ಚೀಲ ಜೋಳ ತಳದಲ್ಲಿಯೇ ಬಿಟ್ಟು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಯಾವತ್ತಿನಂತೆ ಬೀಸುಕಲ್ಲನ್ನೇ ಎಳೆದಿಟ್ಟಳು. ನಾಲ್ಕಾರು ವರ್ಷದಿಂದ ಕೋಣೆಯಲ್ಲಿ ಒಂದು ವಾಸನೆ ಏಳುತ್ತಿತ್ತು. ಹಳೆಯ ಮಣ್ಣಿನ ಗೋಡೆಯ ವಾಸನೆ ಎಂದು ಸೊಸೆಗೆ ಹೇಳಿದ್ದಳು, ತನಗೂ ಹೇಳಿಕೊಂಡಿದ್ದಳು, ಮೇಲೆ ಲೋಬಾನ ಹಾಕಿದ್ದಳು. ಗುಟ್ಟನ್ನು ಸಂಗಮ್ಮನಿಗೆ ದಾಟಿಸುವ ಮೊದಲೇ ಸಂಗಮ್ಮ ಹೋಗಿಬಿಟ್ಟಳು.

ಹೇಳಬೇಕು ಎಂದು ಗದ್ದೆಮ್ಮನಿಗೆ ಅನಿಸಲಿಲ್ಲವೆಂದಲ್ಲ. ಆ ದಿನ ತಟ್ಟೆ ನೋಡಿದ ಕ್ಷಣವೇ ಅನಿಸಿತು. ಆದರೆ ಭಂಡಾರ ಮುಟ್ಟಿ ಹಾಕಿದ ಆಣೆ ನಾಲಿಗೆ ಹಿಡಿಯಿತು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು, ಅದರ ಕಡೆ ಅವಳು ತಿರುಗಿ ನೋಡಲೂ ಒಲ್ಲಳು. ಕಲ್ಲಿನ ಕೆಳಗಿನದು ಮೊಮ್ಮಗಳ ಎದೆ ಕೆಡಿಸಿದ್ದು ನಿಜವಾದರೆ, ಸೊಸೆಯದ್ದು?

ದುರ್ಗಾದೇವಿ ಇನ್ನೊಮ್ಮೆ ನೋಡುತ್ತೇನೆ ಎಂದಳು. ಕಾಲೇಜಿನಲ್ಲಿ ಪರೀಕ್ಷೆ ಇದ್ದುದರಿಂದ ಎರಡು ಹೊಸ ತಟ್ಟೆಗಳನ್ನು ಗದ್ದೆಮ್ಮನ ಕೈಗೇ ಕೊಟ್ಟಳು. ನಾಳೆ ಮುಂಜಾನೆ ಒಂದನ್ನು ಅಂಗಳದಲ್ಲಿ, ಇನ್ನೊಂದನ್ನು ಬೀಸುಕಲ್ಲಿನ ಬದಿಗೆ ತೆರೆದಿಡಬೇಕು, ಕಾಲು ತಾಸು ಬಿಟ್ಟು ಮುಚ್ಚಬೇಕು, ಮುಚ್ಚಿದ ತಟ್ಟೆಗಳನ್ನು ವಿರೇಶ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ತನಗೆ ತಲುಪಿಸಬೇಕು. ತಟ್ಟೆಯ ಬೆನ್ನಿಗೆ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ ಗುರುತು ಹಾಕಿ, ಯಾವುದು ಎಲ್ಲಿಗೆ ಎಂದು ಎರಡು ಸಲ ಹೇಳಿಸಿಕೊಂಡಳು.

ಮರುದಿನ ಮಗ ಆಟೋ ತೊಳೆಯಲು ಹೋದಾಗ ಗದ್ದೆಮ್ಮ ಎರಡೂ ತಟ್ಟೆಗಳನ್ನು ಬೇವಿನ ಗಿಡದ ಕೆಳಗೆ ತೆರೆದಿಟ್ಟಳು. ಮನುಷ್ಯರಿಗೆ ಹೇಳಿದ ಸುಳ್ಳಲ್ಲ, ಒಂದು ತಟ್ಟೆಗೆ ಹೇಳಿದ ಸುಳ್ಳು, ಇದಕ್ಕೆಲ್ಲಿಯ ಪಾಪ ಎಂದುಕೊಂಡಳು. ಕಾಲು ತಾಸು ಅವುಗಳ ಪಕ್ಕದಲ್ಲಿಯೇ ಕೂತಳು. ತಾನು ಚೇಷ್ಟೆ ಮಾಡಿದ್ದ ಭಕ್ತಿ ಈಗ ತನಗೇ ಬಂದಿತ್ತು.

ವಾರದೊಳಗೆ ವಿರೇಶನಿಗೆ ಫೋನು ಬಂತು. ಎರಡರಲ್ಲೂ ಹತ್ತು ಹನ್ನೆರಡು ಚುಕ್ಕೆ ಅಷ್ಟೇ. ಮೊದಲನೆಯ ತಟ್ಟೆ ತನ್ನ ಕೈಯಲ್ಲೇ ಕೆಟ್ಟಿರಬಹುದು ಎಂದು ದುರ್ಗಾದೇವಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡಳು. ಆದರೂ ಕಿಟಕಿ ತೆಗೆಯಿರಿ, ಹುಡುಗಿಯನ್ನು ಪಡಸಾಲೆಗೆ ಹಾಕಿರಿ ಎಂದಳು. ಪಡಸಾಲೆಗೆ ಹಾಕೋಣವೇ ಎಂದು ವಿರೇಶ ತಾಯಿಯನ್ನು ಕೇಳಿದ. ಈಗ ಹೊರಸು ತೆಗೆದರೆ ಕೋಣೆಯಲ್ಲೇನೋ ಇದೆಯೆಂದು ಒಪ್ಪಿದ ಹಾಗೆ ಎಂದು ಗದ್ದೆಮ್ಮನಿಗೆ ಅನಿಸಿತು. ತಟ್ಟೆಯೇ ಒಳ್ಳೆಯದು ಹೇಳಿದ ಮೇಲೆ ಇನ್ನೇನು ಎಂದಳು.

ಆ ಭಾನುವಾರ ಮಧ್ಯಾಹ್ನ ಉಂಡು ಮಲಗಿದ್ದ ಹುಡುಗಿ ಒಮ್ಮೆಲೇ ಎದ್ದು ಕೂತಳು. ಹೊರಸಿನ ಗಳು ಹಿಡಿದುಕೊಂಡು ಉಸಿರು ಎಳೆಯುತ್ತಿದ್ದಳು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಕಣ್ಣು ಅಜ್ಜಿಯ ಮೇಲಿತ್ತು. ಗದ್ದೆಮ್ಮ ಎದೆ ತಿಕ್ಕಿದಳು, ಬಿಸಿನೀರು ಹಿಡಿದಳು, ಮಾಡಬಾರದ ಕೆಲಸ ಮಾಡಿದಳು: ಬಾಗಿಲು ಮುಚ್ಚಿದಳು, ಹೊರಗಿನ ಗಾಳಿ ಬರುತ್ತದೆಂದು. ವಿರೇಶ ಓಡಿಬಂದು ಆ ಬಾಗಿಲನ್ನು ಒದ್ದು ತೆರೆದ. ಮಗಳ ತುಟಿ ನೀಲಿಯಾಗಿತ್ತು. ಆಟೋದ ಹಿಂದಿನ ಸೀಟಿನಲ್ಲಿ ಗದ್ದೆಮ್ಮ ಅವಳನ್ನು ಎದೆಗೆ ಆನಿಸಿಕೊಂಡು ಕೂತಳು. ಸಿಂಧನೂರು ಇಷ್ಟು ದೂರ ಇದೆಯೆಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಎರಡೂ ಬದಿಗೆ ನಾಟಿ ಮಾಡಿದ ಗದ್ದೆ, ತುಂಬಿ ನಿಂತ ನೀರು. ಎಲ್ಲ ಕಡೆ ಗಾಳಿ ಬೀಸುತ್ತಿತ್ತು, ಹುಡುಗಿಗೆ ಮಾತ್ರ ಸಾಲುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಮೂಗಿಗೆ, ಬಾಯಿಗೆ ಮಾಸ್ಕು ಕಟ್ಟಿ ಔಷಧದ ಹಬೆ ಬಿಟ್ಟರು. ಎರಡು ತಾಸಿನ ಮೇಲೆ ತುಟಿಗೆ ಬಣ್ಣ ಬಂತು. ಡಾಕ್ಟರು ಬಂದು, ಶಾಲೆಯಲ್ಲಿ ಹೇಗಿರುತ್ತದೆ, ಮನೆಯಲ್ಲಿ ಹೇಗಿರುತ್ತದೆ, ಎಲ್ಲಿ ಹೆಚ್ಚಾಗುತ್ತದೆ ಎಂದು ವಿರೇಶನನ್ನು ಕೇಳಿದರು. ವಿರೇಶ ಬಾಯಿ ತೆರೆಯುವುದರೊಳಗೆ ಹುಡುಗಿಯೇ ಮಾಸ್ಕು ಸರಿಸಿದಳು.

"ಸಾಲ್ಯಾಗ ನಾ ಓಡ್ತೀನ್ರೀ. ಒಳಕೋಣ್ಯಾಗ ಆಗಂಗಿಲ್ಲ. ಅಮ್ಮಗ ಹೇಳೀನಿ."

ಅಜ್ಜಿಯನ್ನು ಅವಳು ಅಮ್ಮ ಎನ್ನುತ್ತಿದ್ದಳು. ಅದರಲ್ಲಿ ದೂರು ಇರಲಿಲ್ಲ, ಕೇಳಿದ್ದಕ್ಕೆ ಹೇಳಿದ್ದಳು ಅಷ್ಟೇ. ಗದ್ದೆಮ್ಮ ಎದ್ದು ಹೊರಗಿನ ಬೆಂಚಿಗೆ ಬಂದು ಕೂತಳು. ಸ್ವಲ್ಪ ಹೊತ್ತಿಗೆ ವಿರೇಶ ಬಂದು ಬದಿಗೆ ಕೂತ. ಅತ್ತೆಯ ಮುಖ, ಕೈಗೆ ಹಚ್ಚಿದ ಭಂಡಾರದ ಹಳದಿ, ಏಳು ಮಂದಿಯನ್ನು ಉಳಿಸಿದ ಜೋಳ, ಎಲ್ಲವೂ ಅವಳ ಕಣ್ಣ ಮುಂದೆ ಬಂದವು. ಉಳಿಸಲೆಂದು ತೋಡಿದ ಕುಳಿ ಅದು. ಈ ಹುಡುಗಿಯನ್ನು ಉಳಿಸಲಾಗದ ಆಣೆಯನ್ನು ಅತ್ತೆಯಾದರೂ ಹಾಕಿಸುತ್ತಿದ್ದಳೇ ಎಂದು ತನ್ನನ್ನೇ ಕೇಳಿಕೊಂಡಳು.

"ವಿರೇಶಾ, ಬೀಸುಕಲ್ಲಿನ ಕೆಳಗ ಹಗೇವು ಐತಿ. ಜೋಳ ಅದಾವು ಅದ್ರಾಗ. ಹದಿನೈದು ವರ್ಷದ್ದು."

ವಿರೇಶ ಫೋನು ತೆಗೆದು ದುರ್ಗಾದೇವಿಗೆ ಹಚ್ಚಿ, ನೀನೇ ಹೇಳು ಎಂದು ತಾಯಿಯ ಕೈಗೆ ಕೊಟ್ಟ. ಗದ್ದೆಮ್ಮ ಹಗೇವಿನ ವಿಷಯ ಹೇಳಿದಳು, ಎರಡೂ ತಟ್ಟೆಗಳನ್ನು ಅಂಗಳದಲ್ಲಿಟ್ಟದ್ದನ್ನೂ ಹೇಳಿದಳು. ದುರ್ಗಾದೇವಿಗೆ ಸಿಟ್ಟು ಬಂದಿತ್ತು, ಅದು ಅವಳ ದನಿಯಲ್ಲೇ ತಿಳಿಯುತ್ತಿತ್ತು. ಆದರೆ ಬೈಯಲಿಲ್ಲ. ಹುಡುಗಿಯನ್ನು ಆ ಮನೆಗೆ ಒಯ್ಯಬೇಡಿರಿ, ತಾನು ಬರುವ ತನಕ ಯಾರೂ ಕಲ್ಲು ಮುಟ್ಟಬೇಡಿರಿ ಎಂದಳು.

ಜಯಶ್ರೀಯನ್ನು ಆಸ್ಪತ್ರೆಯಿಂದ ನೆಟ್ಟಗೆ ಲಿಂಗಸುಗೂರಿಗೆ ಕರೆದೊಯ್ದರು. ವಿರೇಶ ಯಾವತ್ತಿನಂತೆ ಓಣಿಯ ತುದಿಯಲ್ಲಿ ನಿಂತ.

ಹಗೇವಿಗೆ ಇಳಿಯುವುದು ಬಲ್ಲವನು ಊರಿನಲ್ಲಿ ಗ್ಯಾನಪ್ಪನೊಬ್ಬನೇ ಉಳಿದಿದ್ದ. ಹರೆಯದಲ್ಲಿ ಊರಿನ ಹಗೇವುಗಳಿಗೆಲ್ಲ ಇಳಿದು ಕಾಳು ತೆಗೆದವನು, ಒಳಗೆ ಉಸಿರುಗಟ್ಟಿ ಸತ್ತ ಇಬ್ಬರನ್ನು ಹಗ್ಗ ಹಾಕಿ ಎತ್ತಿದವನು. ಊರ ನೆಲದ ತುಂಬ ಕಾಲಿಟ್ಟು ತಿರುಗಾಡಿದ್ದೇನೆ, ಈ ಮನೆಯೊಳಗೊಂದು ಇರುವುದು ಗೊತ್ತಾಗಲಿಲ್ಲವಲ್ಲ ಎಂದು ಅವನಿಗೆ ಸ್ವಲ್ಪ ಅವಮಾನವೇ ಆಯಿತು. ದುರ್ಗಾದೇವಿ ಎಲ್ಲರಿಗೂ ಬಿಗಿಯಾದ ಮಾಸ್ಕು ಕೊಟ್ಟಳು. ಗೋಣಿಚೀಲ ಕಿತ್ತು ಕಿಟಕಿ ತೆಗೆಸಿದಳು. ಕಲ್ಲು ಸರಿಸಿ, ಚಪ್ಪಡಿಗೆ ಹಾರೆ ಹಾಕಿ ಎತ್ತಿದಾಗ ಮಾಸ್ಕಿನೊಳಗೂ ವಾಸನೆ ಹೊಕ್ಕಿತು. ಗದ್ದೆಮ್ಮನಿಗೆ ಪರಿಚಯದ ವಾಸನೆ. ನಾಲ್ಕಾರು ವರ್ಷ ಲೋಬಾನದ ಹಿಂದೆ ಮುಚ್ಚಿಟ್ಟಿದ್ದು.

ಗ್ಯಾನಪ್ಪ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದ. ಮೊಳದುದ್ದ ಹೋಗುವುದರೊಳಗೆ ದೀಪ ಆರಿತು. ಒಳಗೆ ಉಸಿರಾಡುವ ಗಾಳಿಯಿಲ್ಲ, ಮನೆ ಬಿಟ್ಟು ಹೊರಗೆ ನಡೆಯಿರಿ ಎಂದ ಅವನು. ನಾಲ್ಕು ದಿನ ಕುಳಿಯ ಬಾಯಿ ತೆರೆದೇ ಇತ್ತು. ತಾಯಿ ಮಗ ಬೇವಿನ ಗಿಡದ ಕೆಳಗೆ ಅಡುಗೆ ಮಾಡಿಕೊಂಡು, ಗ್ಯಾನಪ್ಪನ ಕಟ್ಟೆಯ ಮೇಲೆ ಮಲಗಿದರು. ಐದನೆಯ ದಿನ ದೀಪ ತಳದ ತನಕ ಹೋಗಿ ಉರಿಯಿತು. ಗ್ಯಾನಪ್ಪ ನಡುವಿಗೆ ಹಗ್ಗ ಕಟ್ಟಿಕೊಂಡು ಇಳಿದ, ವಿರೇಶ ಹಗ್ಗದ ತುದಿ ಹಿಡಿದ. ಮೇಲೆ ಬಂದ ಮೊದಲ ಬುಟ್ಟಿಯಲ್ಲಿದ್ದದ್ದನ್ನು ಜೋಳವೆಂದು ಯಾರೂ ಹೇಳುತ್ತಿರಲಿಲ್ಲ. ಕರೀ ಹೆಂಟೆ, ಮೈತುಂಬ ಹಸಿರು ತುಪ್ಪಳ, ಒಳಗೆ ನೀರು. ಗದ್ದೆಯ ನೀರು ಭೂಮಿಯೊಳಗಿಂದ ನಡೆದು ಇಲ್ಲಿಗೆ ಬಂದಿತ್ತು. ಎಲ್ಲವನ್ನೂ ಊರ ಹೊರಗೆ ಒಯ್ದು ಆಳಕ್ಕೆ ಹುಗಿದರು. ಕುಳಿಗೆ ಸುಣ್ಣ ಸುರಿದು, ಟ್ರ್ಯಾಕ್ಟರಿನಲ್ಲಿ ಮೊರಂ ಮಣ್ಣು ತರಿಸಿ ಬಾಯಿ ತನಕ ತುಂಬಿದರು. ಬರಿದು ಮಾಡಬಾರದು ಎಂದಿದ್ದ ಅತ್ತೆಯನ್ನು ನೆನೆದು ಗದ್ದೆಮ್ಮ ನೆಲಕ್ಕೆ ಕೈಮುಗಿದಳು. ತಪ್ಪಾಯಿತು ಎಂದಳು; ಆಣೆ ಮುರಿದದ್ದಕ್ಕೋ, ಇಷ್ಟು ದಿನ ಮುಚ್ಚಿಟ್ಟದ್ದಕ್ಕೋ ಹೇಳಲಿಲ್ಲ.

ಗೋಡೆ ಒಣಗಿ ಸುಣ್ಣ ಬಳಿದಾದ ಮೇಲೆ ದುರ್ಗಾದೇವಿ ಮತ್ತೆ ತಟ್ಟೆ ಇಟ್ಟಳು. ಈ ಸಲ ತಾನೇ ಕೂತಳು. ವಾರದ ಮೇಲೆ ತಂದು ತೋರಿಸಿದಾಗ ಒಳಕೋಣೆಯದ್ದರಲ್ಲಿ ಹದಿನಾಲ್ಕು ಚುಕ್ಕೆ, ಅಂಗಳದ್ದರಲ್ಲಿ ಹದಿಮೂರು. ಗದ್ದೆಮ್ಮ ಆ ಹದಿನಾಲ್ಕನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿದಳು. ಆಮೇಲೆ, ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿದಳು.

"ಅಕ್ಕಾರ, ನನ್ನ ಸೊಸಿನೂ ಇದರಿಂದನ ಹೋದಳೇನ್ರೀ?"

ವಿರೇಶ ಬಾಗಿಲಲ್ಲಿ ನಿಂತಿದ್ದ. ದುರ್ಗಾದೇವಿ ತಟ್ಟೆಯ ಮುಚ್ಚಳ ಸರಿಮಾಡಿದಳು.

"ಅದನ್ನ ಹೇಳಾಕ ಬರಂಗಿಲ್ಲಮ್ಮ. ಮಿಲ್ಲಿನ ದೂಳೂ ಇತ್ತು, ಇದೂ ಇತ್ತು. ಆವಾಗ ಈ ಗಾಳಿ ಯಾರೂ ಅಳದಿಲ್ಲ."

ಅವಳು ಹೋದ ಮೇಲೆ ವಿರೇಶ ತಾಯಿಯ ಹತ್ತಿರ ಬಂದು, ಕೇಳಿದೆಯಲ್ಲ, ಯಾವುದೂ ಗೊತ್ತಾಗುವುದಿಲ್ಲವಂತೆ, ಇನ್ನು ಬಿಟ್ಟುಬಿಡು ಎಂದ. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ್ದ. ಎರಡು ವರ್ಷ ಹೆಂಡತಿಯನ್ನು ಕೊಂದವನೆಂಬ ಹೆಸರು ಹೊತ್ತು ಓಣಿಯ ತುದಿಯಲ್ಲಿ ನಿಂತವನು, ತಾಯಿಯನ್ನು ಆ ಹೆಸರಿನಿಂದ ಉಳಿಸಲು ನೋಡುತ್ತಿದ್ದ. ಅದು ಗದ್ದೆಮ್ಮನಿಗೆ ತಿಳಿಯಿತು, ತಿಳಿದು ಎದೆ ಒಡೆಯಿತು. ಅವನು ಒಂದು ಮಾತಾದರೂ ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗೊತ್ತಾಗದ್ದನ್ನು ಗೊತ್ತಿದೆಯೆಂದು ಇಪ್ಪತ್ತು ಮಂದಿಯ ಮುಂದೆ ಹೇಳಿದವಳು ತಾನು. ಅದನ್ನು ಮನೆಯ ಮೂಲೆಯಲ್ಲಿ ಕೂತು ತಿರುಗಿ ತಗೊಳ್ಳಲು ಬರುವುದಿಲ್ಲ.

ಮರುದಿನ ಮೊಮ್ಮಗಳನ್ನು ಕರೆತರಲು ಲಿಂಗಸುಗೂರಿಗೆ ಹೋದರು. ವಿರೇಶ ಆಟೋವನ್ನು ಓಣಿಯ ತುದಿಯಲ್ಲಿ ನಿಲ್ಲಿಸಿದ. ಗದ್ದೆಮ್ಮ ಒಬ್ಬಳೇ ನಡೆದು ಹೋದಳು. ಆದಮ್ಮನ ಕಟ್ಟೆಯ ಮೇಲೆ ಬೀಗರೆಲ್ಲ ಕೂಡಿದ್ದರು. ಹಿಂದಿನ ಸಂಜೆಯೇ ಗದ್ದೆಮ್ಮ ಫೋನು ಮಾಡಿಸಿ, ಅಂದು ಅಂಗಳದಲ್ಲಿದ್ದವರೆಲ್ಲ ಇರಬೇಕು ಎಂದು ಹೇಳಿಕಳಿಸಿದ್ದಳು. ಕೂತುಕೋ ಎಂದು ಚಾಪೆ ಹಾಸಿದರು. ಅವಳು ಕೂರಲಿಲ್ಲ. ಹಗೇವಿನ ಕತೆಯನ್ನು ಮೊದಲಿನಿಂದ ಕಡೆಯ ತನಕ ಹೇಳಿದಳು, ವಾಸನೆ ಗೊತ್ತಿದ್ದೂ ಮುಚ್ಚಿಟ್ಟದ್ದು, ಸಂಗಮ್ಮನನ್ನು ಅದೇ ಕೋಣೆಯಲ್ಲಿ ಮಲಗಿಸಿದ್ದು, ತಟ್ಟೆಗೆ ಮೋಸ ಮಾಡಿದ್ದು, ಏನನ್ನೂ ಬಿಡಲಿಲ್ಲ. ಆದಮ್ಮನ ಮುಖ ಕಲ್ಲಾಗುತ್ತ ಹೋಯಿತು.

"ಅವತ್ತು ನಿಮ್ಮೆಲ್ಲರ ಮುಂದ ನನ್ನ ಮಗಗ ಒಂದು ಮಾತು ಅಂದಿದ್ದೆ. ಅದು ಅವಂದಲ್ಲ. ಅದನ್ನ ನನಗ ಹೊರಸ್ರಿ."

ಜಯಶ್ರೀ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು. ಮೂರು ವಾರದಲ್ಲಿ ಅವಳ ಕೆನ್ನೆ ತುಂಬಿತ್ತು. ಆದಮ್ಮ ಎದ್ದು ಒಳಗೆ ಹೋದಳು. ಒಳಗೆ ಅವಳು ಅತ್ತದ್ದು ಹೊರಗಿನವರಿಗೆ ಕೇಳಿಸಿತು. ಆಮೇಲೆ ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊರಗೆ ಬಂದಳು. ತನಗೇ ತಂದಳೆಂದು ಗದ್ದೆಮ್ಮನ ಕೈ ಮುಂದೆ ಹೋಯಿತು. ಆದಮ್ಮ ಅವಳ ಕಡೆ ನೋಡಲಿಲ್ಲ. ಅವಳನ್ನು ದಾಟಿ, ಕಟ್ಟೆ ಇಳಿದು, ಓಣಿಯುದ್ದಕ್ಕೂ ನಡೆದು ಹೋಗಿ ಆಟೋದ ಮುಂದೆ ನಿಂತಳು. ವಿರೇಶ ಗಡಬಡಿಸಿ ಕೆಳಗಿಳಿದ. ತಂಬಿಗೆಯನ್ನು ಎರಡೂ ಕೈಯಿಂದ ತೆಗೆದುಕೊಂಡು, ನಿಂತಲ್ಲಿಯೇ ಕುಡಿದ.

ಗದ್ದೆಮ್ಮ ಮುಂದೆ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತನಗೆ ಸಿಗಬೇಕಾದದ್ದು ಇಷ್ಟೇ ಎಂದು ಅವಳಿಗೆ ಗೊತ್ತಿತ್ತು. ಮಗ ನೀರು ಕುಡಿಯುವುದನ್ನು ಕಣ್ಣ ತುಂಬ ನೋಡಿ, ಮೊಮ್ಮಗಳ ಕೈ ಹಿಡಿದುಕೊಂಡು ಓಣಿ ಇಳಿದು ನಡೆದಳು.